ಅಮ್ಮನಿಗೆ ಬಿಟ್ಟ ಜಾಗ

ಚಂದಾಪುರದ ಸುತ್ತ ಇನ್ನೂ ಅವರೆ ಹೊಲಗಳಿದ್ದ ಕಾಲ ಅದು, ತೊಂಬತ್ತರ ದಶಕದ ನಡುಭಾಗ. ಬೊಮ್ಮಸಂದ್ರದ ಫ್ಯಾಕ್ಟರಿಗಳಲ್ಲಿ ದುಡಿಯುವವರು ಬಾಡಿಗೆ ಮನೆ ಹುಡುಕಿಕೊಂಡು ನಮ್ಮ ಕಡೆ ಬರತೊಡಗಿದ್ದರು. ತಾತ ದನದ ಕೊಟ್ಟಿಗೆ ಕೆಡವಿ ಸಾಲಾಗಿ ಐದು ಮನೆ ಕಟ್ಟಿಸಿದರು. ಮೂರನೆಯ ಮನೆಗೆ ಬಂದವಳು ಗಿರಿಜಕ್ಕ. ಕುಮಟೆ ಕಡೆಯ ಮೀನುಗಾರರ ಮನೆಯ ಹೆಣ್ಣು. ಮಾತ್ರೆ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ. ತಾನೇ ಪದ ಕಟ್ಟಿ ಹಾಡುವುದು ಅವಳ ಹುಚ್ಚು. ಮಾತ್ರೆ ಡಬ್ಬಿಯ ರಟ್ಟು ಹರಿದು ಅದರ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದಳು.

ಅವರೆ ಕಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಮೊದಲ ಶಿಫ್ಟ್ ಮುಗಿಸಿ ಅವಳು ಬರುವಾಗ, ಅಂಗಳದಲ್ಲಿ ನೆನೆಸಿದ ಅವರೆಕಾಳಿನ ಬೇಸಿನ್ ಸುತ್ತ ಹೆಂಗಸರು ಕೂತಿರುತ್ತಿದ್ದರು. ಇಡೀ ಅಂಗಳಕ್ಕೆ ಸೊಗಡಿನ ವಾಸನೆ. ಕಾಳು ಹಿತುಕಿ ಮುಖಕ್ಕೆ ಹಾರಿಸುವುದು ಮಕ್ಕಳಾದ ನಮ್ಮ ಆಟ. ಗಿರಿಜಕ್ಕ ಅಮ್ಮನ ಪಕ್ಕ ಕೂತು ಒಂದು ಸಾಲು ಹಾಡುತ್ತಿದ್ದಳು, ಅಮ್ಮ ಅದನ್ನೇ ಎತ್ತಿಕೊಂಡು ತಿರುಗಿ ಹಾಡುತ್ತಿದ್ದಳು. ನಮ್ಮಲ್ಲಿ ಸೋಬಾನೆ ಹಾಡುವುದೂ ಹಾಗೆಯೇ. ಎತ್ತಿಕೊಂಡವರು ಮುಗಿಸುವ ತನಕ ಮೊದಲಿನವರು ಸುಮ್ಮನಿರಬೇಕು. ಅವಳ ಕಡಲಿನ ಪದಗಳಿಗೆ ಯಾವ ಅವಸರವೂ ಇರಲಿಲ್ಲ.

"ದೋಣಿ ಹೋದ ದಾರಿಗೆಲ್ಲಿ ಗುರುತು" ಎಂದು ಅವಳು ಹಾಡಿದರೆ, ಅಮ್ಮ "ದೋಣಿ ಓದ ದಾರಿಗೆಲ್ಲಿ ಗುರ್ತು" ಎನ್ನುತ್ತಿದ್ದಳು.

"ರತ್ನಕ್ಕ, ನಿನ್ನ ದೋಣಿ ರಾಗಿ ಹೊಲದ ಮೇಲೆ ಹೋಗ್ತದೆ ಮಾರಾಯ್ತಿ!"

"ಓಗ್ಲಿ ಬುಡು. ನಾನೇನ್ ಸಮುದ್ರ ಕಂಡಿದೀನಾ?"

ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿ ಅವಳ ಹಾಡುಗಳನ್ನು ತೆಗೆದುಕೊಳ್ಳಲು ಒಪ್ಪಿತು. ಎತ್ತಿಕೊಳ್ಳುವುದಕ್ಕೆ ಅಮ್ಮನೇ ಬರಬೇಕೆಂದು ಗಿರಿಜಕ್ಕ ಹಟ ಹಿಡಿದಳು. "ಅಳ್ಳಿ ಎಂಗ್ಸಿನ ದನಿ ಯಾರ್ ಕೇಳ್ತಾರಮ್ಮ?" ಎಂದ ಅಮ್ಮ, ಮರುದಿನವೇ ಟ್ರಂಕಿನಿಂದ ಧಾರೆ ಸೀರೆ ತೆಗೆದು ಬಿಸಿಲಿಗೆ ಹರವಿದಳು. ಒಂದು ವಾರ ಮೊಸರು ಮುಟ್ಟಲಿಲ್ಲ. ಬೆಳಗ್ಗೆ ಸಂಜೆ ಮೆಣಸಿನ ಕಷಾಯ ಕುಡಿದಳು. ತನಗಾಗಿ ಅವಳು ಏನನ್ನಾದರೂ ಬಯಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮಮ್ಮ ಕ್ಯಾಸೆಟ್ಟಲ್ಲಿ ಬರ್ತಾಳೆ ಎಂದು ಇಡೀ ನಾಲ್ಕನೇ ಕ್ಲಾಸಿಗೆ ಸಾರಿದ್ದೆ.

ಹೊರಡಲು ಎರಡು ದಿನವಿದೆ ಎನ್ನುವಾಗ ನನಗೆ ಸೀತಾಳೆ ಸಿಡುಬು ಎದ್ದಿತು. ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಅದು ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಹೆತ್ತವಳು ಹೊಸಿಲು ದಾಟುವಂತಿಲ್ಲ. ಗಿರಿಜಕ್ಕ ಸೊಪ್ಪಿನಾಚೆ ನಿಂತು, "ಬೇರೆ ದಿನ ಕೊಡೂದಿಲ್ಲಂತೆ ಅಕ್ಕ. ಎಂತ ಮಾಡೂದು?" ಎಂದಳು.

"ಮಗೀನ ಬುಟ್ಟು ಎಂಗಮ್ಮ ಬರ್ಲಿ? ನೀನ್ ಓಗ್ಬಾ."

ಅಮ್ಮ ಒಳಗೆ ಬಂದು ಬೇವಿನ ಎಸಳಿನಿಂದ ನನ್ನ ಬೆನ್ನು ಸವರಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ರೆಕಾರ್ಡಿಂಗ್ ಮುಗಿಸಿ ಬಂದ ಗಿರಿಜಕ್ಕ ನಮ್ಮ ಜಗಲಿಯ ಮೇಲೆ ಕೂತು ಅತ್ತಳು. "ಒಂದೊಂದು ಸಾಲಿಗೂ ನಿಂತುಬಿಟ್ಟೆ ಅಕ್ಕ. ನೀನು ಎತ್ಕೊಳ್ತೀ ಅಂತ ಬಾಯಿ ಕಾಯ್ತದೆ. ಪೂರಾ ಹಾಗೇ ಆಯ್ತು. ತಪ್ಪಾಯ್ತು ಅಂದ್ರೆ, ಹೀಗೇ ಇರ್ಲಿ, ಚೆಂದ ಉಂಟು ಅಂದ್ರು ಕ್ಯಾಸೆಟ್ಟಿನವ್ರು."

ಆ ಕ್ಯಾಸೆಟ್ಟು ಗೆದ್ದಿತು. ಫ್ಯಾಕ್ಟರಿ ಬಸ್ಸಿನ ಡ್ರೈವರುಗಳು ಹೊಸೂರು ರಸ್ತೆಯುದ್ದಕ್ಕೂ ಅದನ್ನೇ ಹಾಕುತ್ತಿದ್ದರು. ಶಿಫ್ಟ್ ಮುಗಿಸಿ ಬರುವವರು ಕಿಟಕಿಗೆ ತಲೆ ಕೊಟ್ಟು ಕೇಳುತ್ತಿದ್ದರು. ಅಲೆ ಬಂದು ಹಿಂದೆ ಸರಿದ ಹಾಗಿದೆ, ಆ ಮೌನವೇ ಸೊಗಸು ಎಂದು ಎಲ್ಲರೂ ಹೊಗಳಿದರು. ಗಿರಿಜಕ್ಕ ಕೆಲಸ ಬಿಟ್ಟು ಕಾರ್ಯಕ್ರಮಗಳ ಹಿಂದೆ ಬೆಂಗಳೂರು ಸೇರಿದಳು.

ಅಮ್ಮ ಎಷ್ಟೋ ದಿನ ಅದನ್ನು ಕೇಳಲಿಲ್ಲ. ಒಂದು ಸಂಜೆ ಮುದ್ದೆ ತಿರುವುತ್ತಾ, "ಆಕೇ ಅದ್ನ" ಎಂದಳು. ನಾನು ಕ್ಯಾಸೆಟ್ಟು ಹಾಕಿದೆ. ಗಿರಿಜಕ್ಕನ ಸಾಲು ಮುಗಿದು ಟೇಪು ಸುಮ್ಮನಾಯಿತು. ಒಲೆಯ ಮುಂದಿನಿಂದ ಅಮ್ಮನ ದನಿ ಎದ್ದಿತು. ಅದು ನಿಲ್ಲುವುದಕ್ಕೂ ಮುಂದಿನ ಸಾಲು ಬರುವುದಕ್ಕೂ ಸರಿಹೋಯಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಅದೆಲ್ಲಾ ನನ್ ಜಾಗ ಕಣೇ," ಎಂದಳು ಅಮ್ಮ. "ಗಿರಿಜ ಅಂಗೇ ಖಾಲಿ ಬುಟ್ಟವ್ಳೆ."

ಆಮೇಲೆ ಪ್ರತಿ ಸಂಜೆಯೂ ಅಡುಗೆಮನೆಯಲ್ಲಿ ಅವರಿಬ್ಬರು ಹಾಡಿದರು. ಊರೆಲ್ಲ ಅರ್ಧ ಹಾಡು ಕೇಳಿತು, ಪೂರ್ತಿ ಕೇಳಿದ್ದು ನಮ್ಮ ಮನೆ ಮಾತ್ರ.

ಈಗ ಅಮ್ಮ ಇಲ್ಲ. ಅವರೆಕಾಳು ಪೇಟೆಯಿಂದ ಹಿತುಕಿದ್ದೇ ಪ್ಯಾಕೆಟ್ಟಿನಲ್ಲಿ ಬರುತ್ತದೆ. ನಮ್ಮ ಕ್ಯಾಸೆಟ್ಟಿನ ಸುರುಳಿ ಎಂದೋ ಸಿಕ್ಕಾಗಿ ಹರಿದುಹೋಯಿತು. ಹೋದ ತಿಂಗಳು ಮಗಳು ತನ್ನ ಫೋನಿನಲ್ಲಿ ಅದೇ ಹಾಡು ಹುಡುಕಿ ಹಾಕಿದಳು. ಯಾರೋ ಅದನ್ನು ಹೊಸದಾಗಿ ಸರಿಪಡಿಸಿದ್ದರು. ದೋಣಿಯ ಸಾಲು ಮುಗಿಯುತ್ತಲೇ ನನಗೇ ತಿಳಿಯದಂತೆ ಅಮ್ಮನ ಸಾಲಿಗೆ ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಸಾಲು ಬಂದುಬಿಟ್ಟಿತು. ಅದರ ಬೆನ್ನಿಗೇ ಇನ್ನೊಂದು. ನಡುವಿನ ಮೌನವನ್ನೆಲ್ಲ ಕತ್ತರಿಸಿ ಕೂಡಿಸಿದ್ದರು.

"ಚೆನ್ನಾಗಿದೆ ಅಲ್ವಾಮ್ಮ?" ಎಂದಳು ಮಗಳು.

ಹಾಡು ಬೇಗನೆ ಮುಗಿಯಿತು. ಅದರಲ್ಲಿ ಎಲ್ಲಿಯೂ ಅಮ್ಮನಿಗೆ ಜಾಗವಿರಲಿಲ್ಲ.