ದಿಂಬಿನ ಮೇಲಿದ್ದ ಕೈ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದವಳು ನಾನು. ಈಗಲೂ ದೆವ್ವ, ಪವಾಡಗಳನ್ನು ನಂಬುತ್ತೇನೆಂದಲ್ಲ. ನಡೆದದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ನಡುವಿನ ಮಾತು. ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ. ನನಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಹೊಟ್ಟೆಯ ಹೊಲಿಗೆ ಬಿಚ್ಚಿದ ವಾರದಲ್ಲೇ ಬಲಭುಜದಲ್ಲಿ ಬೆಂಕಿಯಿಟ್ಟಂಥ ನೋವು ಶುರುವಾಯಿತು. ಹದಿನೈದು ದಿನಕ್ಕೆ ನೋವು ಇಳಿಯಿತು, ಅದರ ಜೊತೆಗೇ ಕೈಯ ಶಕ್ತಿಯೂ ಇಳಿದುಹೋಯಿತು. ತೋಳು ಎತ್ತಲಾರೆ, ಅನ್ನ ಕಲಸಲಾರೆ.

"ಭುಜದ ನರಗಳು ಊದ್ಕೊಂಡಿವೆ ಕಣಮ್ಮ. ಆಪರೇಷನ್ ಆದ್ಮೇಲೆ ಅಪರೂಪಕ್ಕೆ ಕೆಲವರಿಗೆ ಹೀಗಾಗತ್ತೆ. ಒಂದು ವರ್ಷನಾದ್ರೂ ಕಾಯ್ಬೇಕು," ಎಂದರು ಡಾಕ್ಟರು.

ಆರು ವರ್ಷದ ಮಗಳು ಶಾಂತಿಗೆ ಸೊಂಟ ಮುಟ್ಟುವ ಕೂದಲು. ಪಕ್ಕದ ಮನೆಯ ಗಿರಿಜಕ್ಕ ಬಿಡುವಾದಾಗ ಬಂದು ಜಡೆ ಹಾಕುತ್ತಿದ್ದರು. ಉಳಿದ ದಿನ ಸಿಕ್ಕುಗಟ್ಟಿದ ತಲೆಯಲ್ಲೇ ಹೋಗುತ್ತಿದ್ದಳು. ತಲೆ ಬಾಚಿ ಕಳಿಸಿ ಎಂದು ಸ್ಕೂಲಿನಿಂದ ಚೀಟಿ ಬಂತು. "ಭಾನುವಾರ ಕಟ್ ಮಾಡಿಸಿಬಿಡ್ತೀನಿ," ಎಂದರು ನಮ್ಮವರು. ಮಗು ಊಟ ಬಿಟ್ಟಿತು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ನಾನು, ಶಾಂತಿ ಇಬ್ಬರೇ. ಬಾಗಿಲಿಗೆ ಚಿಲಕ ಹಾಕಿ, ಬಲಗೈಯನ್ನು ದಿಂಬಿನ ಮೇಲೆ ಇರಿಸಿಕೊಂಡು ಮಲಗಿದೆ. ನಿದ್ದೆಯೋ ಎಚ್ಚರವೋ ತಿಳಿಯದು. ಬಿಸಿಲು ಗೋಡೆಯ ಮೇಲೆ ನಿಧಾನವಾಗಿ ಏರುತ್ತಿತ್ತು. ಬೆರಳ ಸಂದಿಯಲ್ಲಿ ಕೂದಲು ನೀರಿನ ಹಾಗೆ ಜಾರುತ್ತಿತ್ತು. ಭುಜಕ್ಕೆ ಭಾರವೇ ಇರಲಿಲ್ಲ. ಹಾಗೇ ಇದ್ದುಬಿಡೋಣ ಅನ್ನಿಸಿತ್ತು.

ಕಣ್ಣು ಬಿಟ್ಟಾಗ ಕೈ ದಿಂಬಿನ ಮೇಲೆ ಇಟ್ಟಲ್ಲೇ ಇತ್ತು. ಬೆರಳಲ್ಲಿ ಕೊಬ್ಬರಿ ಎಣ್ಣೆಯ ಜಿಡ್ಡು. ಶಾಂತಿ ಕಿಟಕಿಯ ಬಳಿ ಆಡುತ್ತಿದ್ದಳು. ಬೆನ್ನ ಮೇಲೆ ಅಂದವಾದ ಒಂದು ಜಡೆ.

"ಯಾರೇ ಹಾಕಿದ್ದು?"

"ನೀನೇ ಅಲ್ವಾ ಅಮ್ಮ. ಎಷ್ಟು ಮಾತಾಡ್ಸಿದ್ರೂ ಮಾತಾಡ್ಲಿಲ್ಲ ನೀನು."

ಬಾಗಿಲ ಚಿಲಕ ಹಾಕಿದ ಹಾಗೇ ಇತ್ತು. ಕೈ ಎತ್ತಲು ನೋಡಿದೆ. ಏಳಲಿಲ್ಲ.

ಆ ಜಡೆ ನೋಡಿದ ಮೇಲೆ ನಮ್ಮವರು ಕಟ್ ಮಾಡಿಸುವ ಮಾತೆತ್ತಲಿಲ್ಲ. ಡಾಕ್ಟರಿಗೆ ಹೇಳಿದರೆ, "ನಿದ್ದೆಗಣ್ಣಲ್ಲಿ ಏನೋ ಅನ್ಸಿರತ್ತೆ ಬಿಡಮ್ಮ," ಎಂದು ನಕ್ಕರು. ನಿಜಕ್ಕೂ ನನ್ನ ಕೈ ತಲೆಯವರೆಗೆ ಏಳಲು ಮತ್ತೆ ಹತ್ತು ತಿಂಗಳು ಹಿಡಿಯಿತು.

ಅಮ್ಮನೇ ಹಾಕಿದ್ದೆಂದು ಶಾಂತಿ ಹೇಳಿದ್ದ ಜಡೆಯನ್ನು ಆ ಸೋಮವಾರ ಬೆಳಿಗ್ಗೆ ಬಿಚ್ಚಲು ಕೂತ ಗಿರಿಜಕ್ಕ ಅರ್ಧಕ್ಕೇ ಕೈ ನಿಲ್ಲಿಸಿದ್ದರು. "ಇದು ನಾಲ್ಕೆಳೆ ಜಡೆ ಕಣೇ. ನಿಂಗೆ ಬರತ್ತೆ ಅಂತ ಗೊತ್ತೇ ಇರ್ಲಿಲ್ಲ."

ನನಗೆ ಬರುವುದು ಮೂರೆಳೆಯದು. ಇವತ್ತಿಗೂ ಅಷ್ಟೇ.