ಇಲ್ಲ ಅನ್ನದ ಗುಂಡಿಯಮ್ಮ

ದರ್ಜಿಗಳ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಗುಂಡಿಯಮ್ಮ ಎಂದೇ. ಅಂಗಡಿಗಳಲ್ಲಿ ಹೊಲಿದ ಅಂಗಿಗಳು ಗಂಟು ಕಟ್ಟಿಸಿಕೊಂಡು ಅವಳ ಬಾಡಿಗೆ ಕೋಣೆಗೆ ಬರುತ್ತಿದ್ದವು. ಗುಂಡಿ ತೂರಿಸುವ ಕಂಡಿಗೆ ಸುತ್ತಲೂ ಕಾಜಾ ಹೊಲಿಸಿಕೊಂಡು, ಎದುರಿಗೆ ಗುಂಡಿ ಹಾಕಿಸಿಕೊಂಡು ಮರಳಿ ಹೋಗುತ್ತಿದ್ದವು. ಅಂಗಿ ಸವೆದು ನೆಲ ಒರೆಸುವ ಬಟ್ಟೆಯಾದರೂ ಅವಳು ಹಾಕಿದ ಗುಂಡಿ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಆ ಕೋಣೆಯಲ್ಲಿ ಇದ್ದವರು ಇಬ್ಬರೇ, ಗುಂಡಿಯಮ್ಮ ಮತ್ತು ಅವಳ ನಾದಿನಿ. ಇಬ್ಬರ ಗಂಡಂದಿರೂ ತೀರಿಹೋಗಿ ವರ್ಷಗಳಾಗಿದ್ದವು. ಅತ್ತಿಗೆ ಹೊಲಿಯುತ್ತಿದ್ದಳು. ನಾದಿನಿ ಒಲೆ ನೋಡಿಕೊಳ್ಳುತ್ತಿದ್ದಳು, ನೀರು ತರುತ್ತಿದ್ದಳು, ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ದಿಂಬಿಗೆ ಚುಚ್ಚಿಡುತ್ತಿದ್ದಳು, ಇಷ್ಟೆಲ್ಲದರ ನಡುವೆ ಬಾಯಿಗೆ ಬಿಡುವು ಕೊಡದೆ ಮಾತಾಡುತ್ತಿದ್ದಳು.

ಗುಂಡಿಯಮ್ಮನಿಗೆ ಒಂದು ಅಭ್ಯಾಸವಿತ್ತು. ಅವಳ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಎಣ್ಣೆ ಇಲ್ಲ ಎಂದಾಗ ಅತ್ತೆ ಓಡಿಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. “ಹಾಗನ್ನಬಾರ್ದು ಕಣೆ. ಮೇಲಿರೋನು ಕೇಳಿಸ್ಕೊಂಡು ಹೂಂ ಅಂದುಬಿಟ್ರೆ? ತುಂಬಿದೆ ಅನ್ನು.” ಅಂದಿನಿಂದ ಎಣ್ಣೆ ಮುಗಿದರೆ ತುಂಬಿದೆ, ಹಿಟ್ಟು ಮುಗಿದರೆ ತುಂಬಿದೆ, ದಾರ ಮುಗಿದರೆ ಹೆಚ್ಚಿದೆ. ಅತ್ತೆಯ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಈ ಪಾಠ ಕಲಿಯಲೇ ಇಲ್ಲ, ಹೊರಗಿನಿಂದ ಬಂದ ಸೊಸೆ ಕಲಿತಳು. ನಾದಿನಿಗಂತೂ ‘ಇಲ್ಲ’ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಹೀಗಿರುವಾಗ ಬೀದಿಗೆ ಕಾಜಾ ಹೊಲಿಯುವ ಮಷೀನು ಬಂತು. ಅದೇ ಹೊತ್ತಿಗೆ ಗುಂಡಿಯಮ್ಮನ ಬೆರಳ ಗಂಟುಗಳು ಊದಿಕೊಂಡವು. ಅಂಗಡಿಗಳಿಂದ ಬರುತ್ತಿದ್ದ ಅಂಗಿಯ ಗಂಟುಗಳು ಒಂದೊಂದಾಗಿ ನಿಂತವು. ಬಾಡಿಗೆ ತಡವಾಯಿತು. ಆಗ ನಾದಿನಿಯ ದೊಡ್ಡಪ್ಪನ ಮಗ ಹೇಳಿ ಕಳಿಸಿದ: ನಮ್ಮ ಮನೆಯಲ್ಲಿ ಅಡುಗೆಗೆ ಜನ ಬೇಕು, ಬಂದು ಇದ್ದುಬಿಡು.

“ಹೋಗ್ತೀನಿ ಅತ್ತಿಗೆ,” ಎಂದಳು ನಾದಿನಿ. “ಒಂದು ಹೊಟ್ಟೆ ಕಮ್ಮಿಯಾಗುತ್ತೆ.”

“ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರಾ?”

“ಮಾಡೋಳು ನಾನೇ ಅಲ್ವಾ? ಹಾಕಿಸ್ಕೊಳ್ತೀನಿ ಬಿಡು.”

ಇಬ್ಬರೂ ನಕ್ಕರು. ಆ ರಾತ್ರಿ ಯಾರಿಗೂ ನಿದ್ದೆ ಹತ್ತಲಿಲ್ಲ.

ಮೂಲೆ ಅಂಗಡಿಯ ದರ್ಜಿಗೆ ಸುದ್ದಿ ಮುಟ್ಟಿತು. ಮಷೀನು ತಂದವನೂ ಅವನೇ, ಅದಕ್ಕೇ ಏನೋ ಅವನಿಗೆ ಒಳಗೊಳಗೇ ಕೊರೆಯುತ್ತಿತ್ತು. ದುಡಿಯಲಾಗದವರಿಗೆ ಸರ್ಕಾರ ತಿಂಗಳು ತಿಂಗಳು ಸಹಾಯಧನ ಕೊಡುತ್ತದೆ, ಅರ್ಜಿ ಹಾಕಿ ಎಂದ. ಗುಂಡಿಯಮ್ಮ ಹಿಂದೆ ಮುಂದೆ ನೋಡಿದಳು.

“ಕೈ ಚಾಚೋಕೆ ನಾಚಿಕೆ ಆಗುತ್ತಪ್ಪ.”

“ಕೈ ಚಾಚೋದು ಯಾಕಮ್ಮ? ನೀವು ಬೆಂಕಿಪೊಟ್ಟಣ ಕೊಂಡಾಗೆಲ್ಲ ತೆರಿಗೆ ಕಟ್ಟಿದ್ದೀರಿ. ಇಷ್ಟು ವರ್ಷ ಕೊಟ್ಟಿದ್ದನ್ನ ಈಗ ಸ್ವಲ್ಪ ಇಸ್ಕೊಳ್ತಿದ್ದೀರಿ, ಅಷ್ಟೇ.”

ಅರ್ಜಿಯನ್ನು ಅವನೇ ತುಂಬಿ ಕೊಟ್ಟುಬಂದ. ತಿಂಗಳ ಕೊನೆಯವರೆಗೆ ಕಾದು ನೋಡುವುದು, ಸಹಾಯಧನ ಸಿಗದಿದ್ದರೆ ನಾದಿನಿ ಹೊರಡುವುದು ಎಂದಾಯಿತು.

ಮನೆ ನೋಡಲು ಕಚೇರಿಯಿಂದ ಬಂದವಳು ಚಿಕ್ಕ ವಯಸ್ಸಿನ ಅಧಿಕಾರಿ. ನಾದಿನಿ ಆಗ ಮಂಡಿನೋವಿನ ಔಷಧಿಗೆಂದು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಳು. ಹುಡುಗಿ ಚಪ್ಪಲಿ ಹೊರಗೆ ಬಿಟ್ಟು ಒಳಬಂದಳು, ಚಾಪೆಯ ಮೇಲೆ ಕೂತಳು, ಮೆತ್ತಗೆ ಕೇಳಿದಳು.

“ಮನೇಲಿ ಹಿಟ್ಟು ಇದೆಯಾ ಅಮ್ಮ?”

“ತುಂಬಿದೆ ಮಗಳೇ.”

“ಎಣ್ಣೆ?”

“ಅದು ಮೊನ್ನೇನೇ ತುಂಬ್ತು.”

“ಖರ್ಚಿಗೆಲ್ಲ ಹೇಗೆ?”

“ದೇವರು ನಡೆಸ್ತಾನೆ.”

ಹುಡುಗಿಗೆ ಸಂತೋಷವೇ ಆಯಿತು. ಹಾಸ್ಟೆಲಿನಲ್ಲಿ ಬೆಳೆದವಳು ಅವಳು. ಅಡುಗೆಮನೆಯ ಆ ಹಳೆಯ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಂಡು ಹೋದಳು. ಕೆಲವು ದಿನಗಳಲ್ಲಿ ಉತ್ತರ ಬಂತು. ಮನೆಯಲ್ಲಿ ದಿನಸಿ ಸಾಕಷ್ಟಿದೆ, ಸದ್ಯಕ್ಕೆ ಸಹಾಯದ ಅಗತ್ಯ ಕಾಣುವುದಿಲ್ಲ.

ದರ್ಜಿ ಓದಿ ಹೇಳಿದಾಗ ನಾದಿನಿಗೆ ಅರ್ಥವಾಗಲಿಲ್ಲ. ಸಾಕಷ್ಟಿದೆಯೇ? ಖಾಲಿ ಡಬ್ಬದಲ್ಲಿ ಅವರಿಗೆ ಏನು ಕಂಡಿತು? ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ನೆಲ ನೋಡುತ್ತಿದ್ದಳು.

“ಅತ್ತಿಗೆ, ಅವಳ ಹತ್ರ ಏನಂದೆ?”

“ಏನನ್ಲಿ? ಮಾಮೂಲಿ ಅಂದೆ. ತುಂಬಿದೆ ಅಂದೆ.”

ನಾದಿನಿ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ತಾಯೇ! ಸರ್ಕಾರಕ್ಕೆ ತುಂಬಿದೆ ಅಂದ್ರೆ ತುಂಬಿದೆ ಅಂತಾನೇ ಅರ್ಥ! ಅದೇನು ನಮ್ಮಮ್ಮನ ಕೈಲಿ ಪಳಗಿದ್ಯಾ?”

ಬೈದಳು, ನಗು ತಡೆಯಲಾರದೆ ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ಮರುದಿನ ಬೆಳಗಾಗುತ್ತಲೇ ಅತ್ತಿಗೆಯ ಕೈ ಹಿಡಿದು ಕಚೇರಿಗೆ ಎಳೆದುಕೊಂಡು ಹೋದಳು.

ಅಧಿಕಾರಿ ಹುಡುಗಿ ಗುರುತು ಹಿಡಿದು ಕುರ್ಚಿ ಹಾಕಿಸಿದಳು. ನಾದಿನಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಹುಡುಗಿಯ ಮುಖ ಸಣ್ಣದಾಯಿತು. “ನನಗೆ ಗೊತ್ತಾಗ್ಲಿಲ್ಲಮ್ಮ. ಈಗ್ಲೇ ಸರಿ ಮಾಡೋಣ. ಆದ್ರೆ ಅರ್ಜಿ ಹಾಕಿರೋರು ಇವರು, ಇವರ ಬಾಯಿಂದಾನೇ ಬರಬೇಕು. ಹೇಳಿ ಅಮ್ಮ, ಹಿಟ್ಟು ಇದೆಯಾ?”

ಗುಂಡಿಯಮ್ಮ ಬಾಯಿ ತೆರೆದಳು. ‘ತುಂ...’ ಎನ್ನಹೊರಟವಳು ತುಟಿ ಕಚ್ಚಿಕೊಂಡಳು. ಪಕ್ಕದಲ್ಲಿ ನಾದಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಇವಳು ಹೊರಟುಹೋದರೆ ಆ ಕೋಣೆಯಲ್ಲಿ ಮಾತಾಡುವವರು ಯಾರು? ಗುಂಡಿಯಮ್ಮ ಕಣ್ಣು ಮುಚ್ಚಿ ಒಳಗೇ ಕೇಳಿಕೊಂಡಳು: ದೇವರೇ, ಸ್ವಲ್ಪ ಹೊತ್ತು ಆ ಕಡೆ ತಿರುಗಿಕೊಂಡಿರು.

“ಇಲ್ಲ,” ಎಂದಳು.

“ಎಣ್ಣೆ?”

“ಇಲ್ಲ.”

“ಕೆಲಸ?”

“ಇಲ್ಲ.” ಆಕಾಶವೇನೂ ಕಳಚಿ ಬೀಳಲಿಲ್ಲ. ಶಾಲೆಯ ಮಗು ಮಗ್ಗಿ ಒಪ್ಪಿಸುತ್ತಿರುವುದನ್ನು ನೋಡುವ ತಾಯಿಯ ಹಾಗೆ ನಾದಿನಿ ತಲೆದೂಗುತ್ತಿದ್ದಳು.

“ಮಕ್ಕಳು?”

“ಇಲ್ಲ.”

“ನಿಮ್ಮನ್ನ ನೋಡ್ಕೊಳ್ಳೋರು ಯಾರಾದ್ರೂ?”

ಗುಂಡಿಯಮ್ಮ ತಿರುಗಿ ಪಕ್ಕಕ್ಕೆ ನೋಡಿದಳು. “ಇದ್ದಾಳೆ,” ಎಂದಳು.

ನಾದಿನಿ ಅತ್ತಿಗೆಯ ತೋಳು ಚಿವುಟಿದಳು. “ಇಲ್ಲ ಅನ್ನು ಅತ್ತಿಗೆ!” ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. “ಎಲ್ಲಾ ಕೆಡಿಸಿಬಿಟ್ಟೆಯಲ್ಲ!”

“ಹಿಟ್ಟಿಗೆ ಅಂದೆ, ಎಣ್ಣೆಗೆ ಅಂದೆ. ನಿನಗೆ ಹೇಗೆ ಅನ್ಲಿ? ಆ ಕಡೆ ತಿರುಗಿದ್ರೂ ಮೇಲಿರೋನಿಗೆ ಕಿವಿ ಇರುತ್ತಲ್ಲೇ. ಹೂಂ ಅಂದುಬಿಟ್ರೆ?”

ನಾದಿನಿ ತಾನು ಚಿವುಟಿದ ತೋಳನ್ನು ಮೆಲ್ಲಗೆ ಸವರಿದಳು. ಅಧಿಕಾರಿ ಹುಡುಗಿ ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದಳು. ಆಮೇಲೆ ನಾದಿನಿಯನ್ನು ಕೇಳಿದಳು, “ನಿಮಗೆ ಸಂಪಾದನೆ ಏನಾದ್ರೂ ಇದೆಯಾ?”

“ಇಲ್ಲ! ಬಿಡಿಗಾಸೂ ಇಲ್ಲ!”

“ಮತ್ತೆ ಅರ್ಜೀಲಿ ನಿಮ್ಮ ವಿಷಯ ಯಾಕೆ ಬರೆಸ್ಲಿಲ್ಲ? ಒಬ್ಬರೇ ಇದ್ದಾರೆ ಅಂದ್ಕೊಂಡಿದ್ದೆ. ಇವರ ಆಸರೇಲಿ ಬದುಕ್ತಿರೋರು ಅಂದ್ರೆ ನಿಮ್ಮನ್ನ ಅವಲಂಬಿತರು ಅಂತ ಬರೀಬೇಕು. ಇಬ್ಬರ ಮನೆಗೆ ಸ್ವಲ್ಪ ಹೆಚ್ಚಾಗೇ ಬರುತ್ತೆ.”

“ಹೆಚ್ಚು ಅಂದ್ರೆ,” ನಾದಿನಿ ಅನುಮಾನದಿಂದ ಕೇಳಿದಳು, “ನಿಜವಾದ ಹೆಚ್ಚೋ, ನಮ್ಮತ್ತಿಗೆ ಹೆಚ್ಚೋ?”

ಹುಡುಗಿ ಜೋರಾಗಿ ನಕ್ಕಳು. “ನಿಜವಾದ ಹೆಚ್ಚೇ ಅಮ್ಮ.”

ಹಣ ಬರತೊಡಗಿತು. ದೊಡ್ಡ ಮೊತ್ತವೇನಲ್ಲ. ಬಾಡಿಗೆ ಕಟ್ಟಿ, ದಿನಸಿ ತಂದು, ಔಷಧಿ ಕೊಂಡರೆ ಸರಿಹೋಗುತ್ತಿತ್ತು. ಆದರೆ ಇಬ್ಬರು ಒಂದೇ ಸೂರಿನಡಿ ಇರಲು ಅಷ್ಟು ಸಾಕಿತ್ತು. ಮೊದಲ ಹಣ ಬಂದ ತಿಂಗಳ ಕೊನೆಗೆ ದೊಡ್ಡಪ್ಪನ ಮಗ ಕರೆದೊಯ್ಯಲು ತಾನೇ ಬಂದ. ನಾದಿನಿ ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಬರೋ ಹಾಗಿಲ್ಲಪ್ಪ. ನಾನೀಗ ಅವಲಂಬಿತೆ. ಸರ್ಕಾರದಲ್ಲಿ ಬರೆದಾಗಿದೆ. ಕದಲಿಸಿದ್ರೆ ಕೇಸಾಗುತ್ತೆ.”

ಕೇಸು ಗೀಸು ಏನೂ ಆಗುವುದಿಲ್ಲವೆಂದು ಒಳಗಿದ್ದ ಗುಂಡಿಯಮ್ಮನಿಗೆ ಗೊತ್ತಿತ್ತು. ಆದರೂ ಅವಳು ಅಲ್ಲಗಳೆಯಲಿಲ್ಲ. “ಹೌದಪ್ಪ,” ಎಂದು ಅಲ್ಲಿಂದಲೇ ಕೂಗಿ ಹೇಳಿದಳು.