ಬತ್ತಾಸನಿಗೆ ದ್ರಾಕ್ಷಿ ಬೇಡ

ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ತಲೆ ಬಾಚಿಸಿಕೊಳ್ಳುವವನು ಬತ್ತಾಸ. ಆಮೇಲೆ ನಾನು. ಹೇಳಿಕೊಳ್ಳಲು ತುಸು ಸಂಕೋಚವೇ. ನಾನು ವಾರ್ಡ್ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಹಾಸಿಗೆಯ ಚಾದರದ ಒಂದು ಮೂಲೆ ಸಡಿಲವಿದ್ದರೂ ಊಟ ಸೇರದವಳು. ಅಂಥವಳು ಈಗ ಬೆಳಕು ಹರಿಯುತ್ತಲೇ ಒಂದು ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒದ್ದೆ ಹತ್ತಿಯಿಂದ ಅದರ ಕಣ್ಣಂಚು ಒರೆಸಿ, ಹಣೆಯ ಕೂದಲು ಮೇಲೆತ್ತಿ ಕೆಂಪು ರಬ್ಬರಿನಿಂದ ಜುಟ್ಟು ಕಟ್ಟುತ್ತೇನೆ. ಕಟ್ಟದಿದ್ದರೆ ಕೂದಲು ಕಣ್ಣಿಗೆ ಚುಚ್ಚಿ ನೀರು ಸುರಿಯುತ್ತದೆ. ಇದು ಅಲಂಕಾರವಲ್ಲ, ಆರೈಕೆ ಎಂದು ಎಷ್ಟು ಹೇಳಿದರೂ ಮಗಳು ಸುಜಾತಾ ಒಪ್ಪುವುದಿಲ್ಲ.

“ಅವ್ವಾ, ನಾ ಸಾಲಿಗೆ ಹೋಗುವಾಗ ಜಗ್ಗಿ ಜಗ್ಗಿ ತಲಿ ಹಿಕ್ಕತಿದ್ದಿ, ಕಣ್ಣಾಗ ನೀರು ಬರತಿದ್ದು. ಇವಗ ನೋಡು, ಬೆಣ್ಣಿ ಹಚ್ಚಿದಂಗ ಹಿಕ್ಕಾಕತ್ತಿ!”

ನಾಯಿಯನ್ನು ಮನೆಗೆ ತಂದವಳು ಅವಳೇ. ಸಾಕುವವಳು ನಾನು. ಬೈಸಿಕೊಳ್ಳುವವಳೂ ನಾನೇ.

ಇವನ ತಳಿ ಶಿಟ್ಜು. ಟಿಬೆಟ್ಟಿನ ಮಠಗಳಿಂದ ಹೊರಟು ಚೀನಾದ ಅರಮನೆ ಸೇರಿ, ಅಲ್ಲಿ ದೊಡ್ಡವರ ತೊಡೆ ಬೆಚ್ಚಗಿಡುವ ಉದ್ಯೋಗ ಹಿಡಿದ ವಂಶವಂತೆ. ಹೆಸರಿಗೆ ಸಿಂಹ ಎಂದು ಅರ್ಥವಂತೆ. ನಮ್ಮ ಪಡಸಾಲೆಯ ಬುದ್ಧನ ಪಟದಲ್ಲಿ ಪೀಠ ಹೊತ್ತ ಸಿಂಹಗಳಿವೆ. ಅದರ ಕೆಳಗೆ ಇವನು ನಾಲ್ಕೂ ಕಾಲು ಮೇಲೆ ಮಾಡಿ ಗೊರಕೆ ಹೊಡೆಯುವಾಗ, ಆ ಸಿಂಹಗಳು ಸಂಬಂಧ ಹೇಳಿಕೊಳ್ಳಲು ನಾಚಿ ಬೇರೆ ಕಡೆ ನೋಡುತ್ತಿರುವಂತೆ ಕಾಣುತ್ತದೆ. ಕಾವಲಿಗಂತೂ ಇವನಿಂದ ಏನೂ ಉಪಯೋಗವಿಲ್ಲ. ಗ್ಯಾಸ್ ಸಿಲಿಂಡರ್ ತಂದವನೂ ನೆಂಟ, ಕರೆಂಟ್ ಬಿಲ್ಲು ತಂದವನೂ ನೆಂಟ. ಕಳ್ಳ ಬಂದರೆ ಕಪಾಟು ಮುಟ್ಟುವ ಮೊದಲು ಇವನ ಹೊಟ್ಟೆ ತುರಿಸಬೇಕಾದೀತು.

ಚಪ್ಪಟೆ ಮೂಗಿನವರಿಗೆ ನಮ್ಮ ವಿಜಯಪುರದ ಬಿಸಿಲು ಆಗಿಬರುವುದಿಲ್ಲ. ಏದುಸಿರು ಬಂದುಬಿಡುತ್ತದೆ. ಅದಕ್ಕೆ ಬೇಸಿಗೆ ಬರುವ ಮೊದಲೇ ಮೈಕೂದಲು ಗಿಡ್ಡ ಮಾಡಿಸಿ, ಮಧ್ಯಾಹ್ನ ಒದ್ದೆ ಟವೆಲ್ಲಿನ ಮೇಲೆ ಮಲಗಿಸಿ, ತಿರುಗಾಟವನ್ನೆಲ್ಲ ನಸುಕಿನಲ್ಲೇ ಮುಗಿಸುತ್ತೇನೆ. ಒಮ್ಮೆ ಭೂತನಾಳ ಕೆರೆಯ ಹತ್ತಿರ ಕುರಿ ಕಾಯುವವರೊಬ್ಬರು ಎದುರಾದರು. ಇವನನ್ನು ಮೇಲಿಂದ ಕೆಳಗೆ ನೋಡಿದರು.

“ಬಾಯಾರ, ಇದು ನಾಯಿ ಏನ್ರಿ, ಕುರಿ ಮರಿ ಏನ್ರಿ?”

“ನಾಯಿರಿ.”

“ಹೌದೇನ್ರಿ? ಹಂಗಾದ್ರ ಬೊಗಳಸ್ರಿ ನೋಡೂಣು.”

ಬತ್ತಾಸ ಬೊಗಳಲಿಲ್ಲ. ಹೋಗಿ ಅವರ ಪಾದದ ಮೇಲೆ ಕುಳಿತ. “ಕುರೀನ ಐತ್ರಿ ಇದು,” ಎಂದು ತೀರ್ಪು ಕೊಟ್ಟು ಅವರು ನಡೆದರು.

ಕಲಿಸುವ ವಿಷಯದಲ್ಲಿ ನನಗೆ ಮೊದಲು ಬಹಳ ಧೈರ್ಯವಿತ್ತು. ವಾರ್ಡಿನಲ್ಲಿ ನಾನು ಕನ್ನಡಕದ ಮೇಲಿಂದ ಒಮ್ಮೆ ನೋಡಿದರೆ ಸಾಕು, ರೋಗಿಯ ಮಂಚದ ಮೇಲೆ ಗುಂಪುಗೂಡಿ ಕುಳಿತ ನೆಂಟರೆಲ್ಲ ಇಳಿದು ನಿಲ್ಲುತ್ತಿದ್ದರು. ಅದೇ ನೋಟವನ್ನು ಬತ್ತಾಸನ ಮೇಲೆ ಬಿಟ್ಟೆ. ಅವನು ಖುಷಿಯಿಂದ ನನ್ನ ಕನ್ನಡಕ ನೆಕ್ಕಿದ. ಬೈದರೆ ಆಟ ಎಂದುಕೊಳ್ಳುತ್ತಾನೆ, ದನಿ ಇನ್ನೂ ಏರಿಸಿದರೆ ಮಂಚದ ಕೆಳಗೆ ಸೇರುತ್ತಾನೆ. ಹೊಗಳಿದರೆ ಮಾತ್ರ ಕಲಿಯುತ್ತಾನೆ. ಹೊಗಳುವ ಅಭ್ಯಾಸ ನನಗಿರಲಿಲ್ಲವಾಗಿ, ನಾಯಿಗಿಂತ ಮೊದಲು ನಾನೇ ಕಲಿಯಬೇಕಾಯಿತು. ಅಂಗಳದಲ್ಲಿ ನಿಂತು “ಶಾಣ್ಯಾ ನನ್ನ ರಾಜಾ!” ಎಂದು ನಾನು ಕೂಗಿದ ದಿನ, ಬಬಲೇಶ್ವರದ ಕಡೆಯಿಂದ ಬಂದು ಪಕ್ಕದ ಮನೆಯಲ್ಲಿರುವ ಕಮಲವ್ವ ಗೋಡೆಯ ಮೇಲಿಂದ ಇಣುಕಿ, “ಯಾರಿಗ್ರಿ ಸಿಸ್ಟರ್, ನಮ್ಮ ಯಜಮಾನ್ರಿಗೇನ್ರಿ?” ಎಂದು ನಕ್ಕಳು.

ಇಷ್ಟೆಲ್ಲ ಕಲಿಕೆಗೆ ಕಾರಣ ದ್ರಾಕ್ಷಿ. ಬತ್ತಾಸ ಮನೆಗೆ ಬಂದ ಹೊಸತರಲ್ಲೇ ಪಶುವೈದ್ಯರು ನನ್ನನ್ನು ಎಚ್ಚರಿಸಿದ್ದರು. “ಸಿಸ್ಟರ್, ನಾಯಿಗೆ ದ್ರಾಕ್ಷಿ ಆಗೂದಿಲ್ರಿ. ಹಸೀದೂ ಅಷ್ಟ, ಒಣದ್ರಾಕ್ಷಿನೂ ಅಷ್ಟ. ಕಿಡ್ನಿ ಹೋಗಿಬಿಡತಾವು. ಎಷ್ಟು ತಿಂದ್ರ ಕೆಡತೈತಿ ಅಂತ ಮೊದಲ ಹೇಳಾಕ ಬರೂದಿಲ್ಲ. ಒಂದೂ ಬ್ಯಾಡ.” ಬೇರೆ ಜಿಲ್ಲೆಯಲ್ಲಾದರೆ ಇದು ಸಣ್ಣ ಪಥ್ಯ. ನಮ್ಮ ಕಡೆ ಮನುಷ್ಯನನ್ನು ಮಾತಾಡಿಸುವುದೇ ಒಣದ್ರಾಕ್ಷಿಯಿಂದ. ಅದರಲ್ಲೂ ನನ್ನ ಅಕ್ಕ ಶಾಂತಕ್ಕನ ಮನೆ ಹೊನವಾಡದಲ್ಲಿ. ತೋಟದ ಪಕ್ಕದಲ್ಲೇ ಅವರ ಒಣದ್ರಾಕ್ಷಿ ಶೆಡ್ಡು: ಹಸಿರು ನೆರಳಿನಲ್ಲಿ ಪದರು ಪದರಾಗಿ ಬಲೆ, ಬಲೆಯ ತುಂಬ ಹಣ್ಣು. ಮನೆಗೆ ಯಾರೇ ಬರಲಿ, ಅಕ್ಕ ಮೊದಲು ಅವರ ಬೊಗಸೆ ತುಂಬಿಸುತ್ತಾಳೆ, ಹೆಸರು ಆಮೇಲೆ ಕೇಳುತ್ತಾಳೆ. ಸಕ್ಕರೆ ಕಾಯಿಲೆ ಎಂದು ಒಲ್ಲೆನೆಂದ ಬೀಗರೊಬ್ಬರನ್ನು ದೀಪಾವಳಿಯವರೆಗೂ ಮಾತಾಡಿಸಿರಲಿಲ್ಲ.

ಹಣ್ಣು ಒಣಗಿಸುವ ದಿನಗಳಲ್ಲಿ ಹೋಗಿ ಆಕೆಯ ಜೊತೆ ಇರುವುದು ನನ್ನ ಪ್ರತಿವರ್ಷದ ಪದ್ಧತಿ. ಸುಜಾತಾ ಹಗಲೆಲ್ಲ ಆಫೀಸಿನಲ್ಲಿರುವುದರಿಂದ ಬತ್ತಾಸನನ್ನು ಬಿಟ್ಟು ಹೋಗುವಂತಿರಲಿಲ್ಲ. ಹಾಗಾಗಿ ಪಾಠ ಶುರುವಾಯಿತು. ರೊಟ್ಟಿಯ ಚೂರು ಹಿಡಿದು “ಬಿಡು” ಎನ್ನುವುದು. ಬಿಟ್ಟರೆ ಇನ್ನೊಂದು ಕೈಯಿಂದ ಬೇಯಿಸಿದ ತತ್ತಿಯ ತುಣುಕು, ಜೊತೆಗೆ ಹೊಗಳಿಕೆ. ನಂತರ ಕಮಲವ್ವನ ಕೈಯಿಂದ ಕೊಡಿಸಿದೆ. ಯಾರೇ ಕೊಟ್ಟರೂ ನಾನು “ತಗೋ” ಎನ್ನುವವರೆಗೆ ಬಾಯಿ ಹಾಕಬಾರದು. “ಇದರ ಮಾರಿ ನೋಡ್ಕೊಂತ ಸುಮ್ಮ ನಿಲ್ಲಾಕ ನನಗ ಆಗೂದಿಲ್ರಿ,” ಎಂದು ಕಮಲವ್ವ ಕಣ್ಣು ತುಂಬಿಕೊಂಡಳು. ಬತ್ತಾಸ ಪಾಸಾದ. ಆದರೆ ಪ್ರತಿ ಪರೀಕ್ಷೆಯಲ್ಲೂ ನಾನು ಪಕ್ಕದಲ್ಲೇ ಇದ್ದೆ. ನಾನಿಲ್ಲದಾಗ?

ನಸುಕಿನಲ್ಲೇ ಕಾರು ಮಾಡಿಕೊಂಡು ಹೊರಟೆವು. ತಿಕೋಟಾದಲ್ಲಿ ಇಳಿಸಿ ನೀರು ಕುಡಿಸಿದೆ. ಹೊನವಾಡ ಮುಟ್ಟಿದೊಡನೆ ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟಳು.

“ನಮ್ಮ ಓಣ್ಯಾಗಿನ ನಾಯಿ ಶೆಡ್ಡಿನಾಗ ಬಿದ್ದಿದ್ದು ತಿಂದು ತಿಂದು ಎತ್ತು ಆಗ್ಯಾವ. ನಿಂದೇನು ಕಾಗದದ ನಾಯಿ ಏನ್ ಬೇ?”

“ಅಕ್ಕಾ, ಡಾಕ್ಟರು ಹೇಳ್ಯಾರ.”

“ಡಾಕ್ಟರಿಗೂ ಎರಡು ಕಿಲೋ ಕಳಸು. ತಿಂದು ನೋಡಿ ಮಾತಾಡಲಿ.”

ಎರಡು ದಿನ ನಾನು ಹಗ್ಗ ಕೈಬಿಡಲಿಲ್ಲ. ಮೂರನೆಯ ದಿನ ಅಕ್ಕ ಹೊರಸಿನ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಅವಳೂ ಅಲುಗುವುದಿಲ್ಲ, ಹೊರಸೂ ಅಲುಗುವುದಿಲ್ಲ ಎಂದು ಲೆಕ್ಕ ಹಾಕಿ, ಬತ್ತಾಸನನ್ನು ಆ ಹೊರಸಿನ ಕಾಲಿಗೇ ಕಟ್ಟಿ ಸ್ನಾನಕ್ಕೆ ಹೋದೆ. ಇಷ್ಟು ವರ್ಷದ ಶಿಸ್ತು ನನಗೆ ಒದಗಿಸಿದ ಬುದ್ಧಿ ಅದು.

ಹೊರಗೆ ಬಂದಾಗ ಅಕ್ಕ ಎದ್ದು ಕುಳಿತಿದ್ದಳು. ಅವಳ ಅಂಗೈಯಲ್ಲಿ ಒಣದ್ರಾಕ್ಷಿ. ಅಂಗೈ ಬತ್ತಾಸನ ಮೂಗಿನ ಕೆಳಗೆ.

“ತಿನ್ನೋ ಯಪ್ಪಾ. ಆಕಿ ಒಳಗ ಅದಾಳ, ತಿಂದುಬಿಡು.”

ವಾರ್ಡಿನ ಈ ತುದಿಯಿಂದ ಆ ತುದಿಗೆ ಮುಟ್ಟುತ್ತಿದ್ದ ದನಿಯಲ್ಲಿ ಕೂಗಿದರೆ ಇವನು ಆಟ ಎಂದುಕೊಂಡು ಬಾಯಿ ಹಾಕಿಯಾನು ಎಂದು ಬಾಗಿಲಲ್ಲೇ ನಿಂತೆ. ಬತ್ತಾಸ ಮೂಸಿದ. ಅಕ್ಕನ ಮುಖ ನೋಡಿದ. ಆಮೇಲೆ ಮೂಗಿನಿಂದ ಆ ಕೈಯನ್ನು ಮೆಲ್ಲಗೆ ಬದಿಗೆ ತಳ್ಳಿ, ತನ್ನ ಗದ್ದವನ್ನು ಅವಳ ಮೊಣಕಾಲ ಮೇಲಿಟ್ಟು, ಬಾಲ ಅಲ್ಲಾಡಿಸಿದ.

ಅಕ್ಕ ದ್ರಾಕ್ಷಿಯನ್ನೆಲ್ಲ ತನ್ನ ಬಾಯಿಗೇ ಹಾಕಿಕೊಂಡು, ಅಗಿಯುತ್ತಲೇ ಗಹಗಹಿಸಿ ನಕ್ಕಳು. “ಒಲ್ಲೆ ಅಂದಾ! ಎಷ್ಟು ಚಂದ ಅಂದಾ!” ನಾನು ಬಾಗಿಲಲ್ಲಿ ನಿಂತಿರುವುದನ್ನು ಕಂಡಾಗ ಅವಳಿಗೆ ನಾಚಿಕೆಯೇನೂ ಆಗಲಿಲ್ಲ. “ನೀ ಒಲ್ಲೆ ಅಂದ್ರ ಮಾರಿ ತಿರುವತಿ. ಇವಾ ದ್ರಾಕ್ಷಿ ಬಿಟ್ಟಾ, ನನ್ನ ಬಿಡಲಿಲ್ಲ.”

ಆ ಹೊತ್ತಿನಿಂದ ಶೆಡ್ಡಿನವರಿಗೆಲ್ಲ ಆಕೆಯದೇ ಹುಕುಂ: “ಯಾರರೆ ಇವಗ ಒಂದು ಕಾಳು ಹಾಕಿದ್ರ ನೋಡ್ರಿ ಮತ್ತ!”

ನಾನು ಯೋಚನೆಗೆ ಬಿದ್ದೆ. ಬೇಡ ಎನ್ನುವುದನ್ನು ಕಲಿಸಿದವಳು ನಾನೇ, ನಿಜ. ಆ ಗದ್ದ ಇಡುವ ಪಾಠವನ್ನು ಮಾತ್ರ ನಾನು ಹೇಳಿಕೊಟ್ಟಿರಲಿಲ್ಲ; ಅದು ಅವನ ತಳಿಯ ಗುಣ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಕ್ಕ ಮೂರನೆಯ ರೊಟ್ಟಿ ತಂದಳು. ನನ್ನ ಅಳತೆ ಎರಡು. ಎಂದಿನಂತೆ ತಾಟಿಗೆ ಕೈ ಅಡ್ಡ ಹಿಡಿಯಲು ಹೋದವಳು ತಡೆದು, ಅವಳ ಮಣಿಕಟ್ಟು ಹಿಡಿದುಕೊಂಡು, “ಸಾಕಕ್ಕಾ, ಹೊಟ್ಟಿ ತುಂಬೇತಿ,” ಎಂದೆ. ಹಿಡಿದ ಕೈ ಬಿಡಲಿಲ್ಲ.

ಅಕ್ಕ ಗಾಬರಿಯಾದಳು. “ಯಾಕ ಬೇ, ಜ್ವರಾ ಗಿರಾ ಬಂದಾವೇನು?” ಎಂದು ರೊಟ್ಟಿಯನ್ನು ಬುಟ್ಟಿಗೆ ಹಾಕಿ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಅದು ಅವಳಿಗೂ ಕೂಡಲೇ ಗೊತ್ತಾಗಿರಬೇಕು. ಆದರೂ ಆ ಕೈ ಇನ್ನಷ್ಟು ಹೊತ್ತು ಅಲ್ಲೇ ಇತ್ತು.